ಅಪ್‌ಡೇಟ್ ಮಾಡಿದರೆ ಅಂಗಡಿ ಹಾಳು, ಮಾಡದಿದ್ದರೆ ಅಪಾಯ: ಕಾರ್ಟ್ ತಂತ್ರಾಂಶವನ್ನು ನಮಗೆ ಹೊಂದಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾವು ವಿರಾಜಪೇಟೆ ಸಮೀಪ ಸಣ್ಣ ಅಂಗಡಿ ನಡೆಸುತ್ತೇವೆ. ನಮ್ಮ ತೋಟದ ಕಾಫಿಯನ್ನು ಹುರಿದು ಪುಡಿ ಮಾಡಿ ಮಾರುತ್ತೇವೆ. ಜೊತೆಗೆ ಕರಿಮೆಣಸು, ಜೇನು, ಕಾಚಂಪುಳಿ ಎಂಬ ಕೊಡಗಿನ ಹುಳಿರಸವೂ ಇದೆ. 2022ರಲ್ಲಿ ಪರಿಚಯದ ಹುಡುಗನೊಬ್ಬ ಜಾಲತಾಣ ಕಟ್ಟುವ ವರ್ಡ್‌ಪ್ರೆಸ್ ಮತ್ತು ಅದಕ್ಕೆ ಅಂಗಡಿಯ ಸೌಲಭ್ಯ ಸೇರಿಸುವ ವೂಕಾಮರ್ಸ್ ಬಳಸಿ ಆನ್‌ಲೈನ್ ಅಂಗಡಿ ಮಾಡಿಕೊಟ್ಟ. ತೂಕಕ್ಕೆ ತಕ್ಕ ಕೊರಿಯರ್ ದರ, ಪುಡಿಯ ಹದ ಮತ್ತು ಚಿಕೋರಿ ಪ್ರಮಾಣದ ಆಯ್ಕೆ, ಆರ್ಡರ್ ಬಂದ ಕೂಡಲೇ ಎಸ್ಸೆಮ್ಮೆಸ್, ಎಲ್ಲವನ್ನೂ ನಮಗೆ ಬೇಕಾದಂತೆ ಮಾರ್ಪಡಿಸಿದ್ದ. ಮರುವರ್ಷ ನಾನು ಅಪ್‌ಡೇಟ್ ಗುಂಡಿ ಒತ್ತಿದಾಗ ಎಲ್ಲವೂ ಅಳಿಸಿಹೋಯಿತು. ಅವನು ಮತ್ತೆ ಸರಿಪಡಿಸಿ, ‘ಇನ್ನು ಅಪ್‌ಡೇಟ್ ಮಾಡಲೇಬೇಡಿ’ ಎಂದ. ಈಗ ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಫೋನಿಗೆ ಸಿಗುವುದೇ ಕಷ್ಟ. ಕಳೆದ ಮಳೆಗಾಲದಲ್ಲಿ ಮೈಸೂರಿನ ಗ್ರಾಹಕರೊಬ್ಬರ ಹಣ ಕಡಿತವಾಯಿತು, ನಮ್ಮಲ್ಲಿ ಆರ್ಡರ್ ‘ರದ್ದು’ ಎಂದು ತೋರಿಸಿತು. ಕೆಲವರಿಗೆ ಒಂದೇ ಆರ್ಡರಿನ ಎಸ್ಸೆಮ್ಮೆಸ್ ಎರಡು ಸಲ ಹೋಗುತ್ತದೆ. ಪರದೆಯಲ್ಲಿ ದಾಸ್ತಾನು ಇದೆ ಎಂದಿರುತ್ತದೆ, ಡಬ್ಬಿಯಲ್ಲಿ ಬೀಜವಿರುವುದಿಲ್ಲ. ಒಬ್ಬರು ಹೊಸದಾಗಿ ತಂತ್ರಾಂಶ ಬರೆಸಿ ಎನ್ನುತ್ತಾರೆ, ಇನ್ನೊಬ್ಬರು ತಿಂಗಳ ಬಾಡಿಗೆಯ ವೇದಿಕೆಗೆ ಹೋಗಿ ಎನ್ನುತ್ತಾರೆ. ಬೆಲೆ ಇರುವ ಪ್ಲಗಿನ್‌ಗಳು (ಹೆಚ್ಚಿನ ಸೌಲಭ್ಯ ಸೇರಿಸುವ ತಂತ್ರಾಂಶದ ತುಣುಕುಗಳು) ಉಚಿತವಾಗಿ ಸಿಗುತ್ತವೆ, ಹಾಕಿಬಿಡೋಣ ಎಂಬುದು ನನ್ನ ಅಣ್ಣನ ಮಗನ ಸಲಹೆ. ತಿಂಗಳಿಗೆ ಮೂವತ್ತು ನಲವತ್ತು ಆರ್ಡರ್ ಬರುವ ನಮ್ಮಂಥವರು ಮಾರ್ಪಾಡು ಮಾಡಿಸಿದ್ದೇ ತಪ್ಪೇ?

ಉತ್ತರ: ಮಾರ್ಪಾಡು ಮಾಡಿಸಿದ್ದು ತಪ್ಪಲ್ಲ. ಅದನ್ನು ಇರಿಸಿದ ಜಾಗ ತಪ್ಪಾಗಿದೆ. ನಿಮ್ಮ ಪತ್ರವನ್ನೂ ಜೊತೆಗೆ ಕಳುಹಿಸಿದ ಪರದೆಯ ಚಿತ್ರಗಳನ್ನೂ ನೋಡಿದ ಮೇಲೆ, ನೀವು ಒಂದೇ ಎಂದುಕೊಂಡಿರುವ ತೊಂದರೆಯಲ್ಲಿ ನನಗೆ ಮೂರು ಬೇರೆ ಬೇರೆ ತೊಂದರೆಗಳು ಕಾಣುತ್ತಿವೆ. ಅಪ್‌ಡೇಟ್‌ನಲ್ಲಿ ಕೆಲಸ ಅಳಿಸಿಹೋಗುವುದು ಒಂದು, ಹಣ ಬಂದರೂ ಆರ್ಡರ್ ರದ್ದಾಗುವುದು ಇನ್ನೊಂದು, ದಾಸ್ತಾನಿನ ಲೆಕ್ಕ ತಪ್ಪುವುದು ಮತ್ತೊಂದು. ಇವುಗಳ ಕಾರಣಗಳು ಬೇರೆಯಾದ್ದರಿಂದ, ಹೊಸ ತಂತ್ರಾಂಶ ಬರೆಸಿದರೂ ಕೊನೆಯ ಎರಡು ನಿಮ್ಮ ಬೆನ್ನು ಬಿಡುವುದಿಲ್ಲ.

ವೂಕಾಮರ್ಸ್ ಎಂಬ ಪ್ಲಗಿನ್ 2011ರಲ್ಲಿ ಹೊರಬಂದ ಮುಕ್ತ ತಂತ್ರಾಂಶ. ಅದನ್ನು ತಿದ್ದಿಕೊಳ್ಳುವ ಹಕ್ಕನ್ನು ಅದರ ಪರವಾನಗಿಯೇ ಕೊಡುತ್ತದೆ, ತಿದ್ದಲು ಬೇಕಾದ ವ್ಯವಸ್ಥೆಯನ್ನೂ ಅದರಲ್ಲಿ ಇರಿಸಿದ್ದಾರೆ. ಆದರೆ ಅಪ್‌ಡೇಟ್ ಗುಂಡಿ ಒತ್ತಿದಾಗ ನಡೆಯುವುದು ರಿಪೇರಿಯಲ್ಲ. ಆ ಪ್ಲಗಿನ್ನಿನ ಇಡೀ ಫೋಲ್ಡರನ್ನು ಅಳಿಸಿ, ಹೊಸ ಫೋಲ್ಡರನ್ನು ಅದೇ ಜಾಗದಲ್ಲಿ ಇಡಲಾಗುತ್ತದೆ. ಹಳೆಯ ಫೋಲ್ಡರಿನೊಳಗೆ ಯಾರಾದರೂ ಬರೆದ ಸಾಲುಗಳು ಅದರೊಂದಿಗೇ ಹೋಗುತ್ತವೆ, ಒಂದು ಎಚ್ಚರಿಕೆಯೂ ಬರುವುದಿಲ್ಲ. ನಿಮ್ಮ ಹುಡುಗ ಆ ಫೋಲ್ಡರಿನೊಳಗೇ ಬರೆದಿದ್ದಾನೆ. ಅವನನ್ನು ದೂರುವುದು ಬೇಡ. ಕಲಿಯುವ ವಯಸ್ಸಿನಲ್ಲಿ ಎಲ್ಲರೂ ಮೊದಲು ಹಿಡಿಯುವ ದಾರಿ ಅದು, ನಾನೂ ಹಿಡಿದಿದ್ದೆ.

ಸರಿಯಾದ ಜಾಗಗಳು ಎರಡಿವೆ. ಪುಟದ ನೋಟಕ್ಕೆ ಸಂಬಂಧಿಸಿದ್ದಾದರೆ ಚೈಲ್ಡ್ ಥೀಮ್ ಎಂಬ ಮರಿ ಥೀಮ್ ಮಾಡಿ, ವೂಕಾಮರ್ಸ್‌ನ ನಮೂನೆ ಫೈಲನ್ನು ಅದರೊಳಗೆ ನಕಲು ಮಾಡಿಕೊಂಡು ಆ ನಕಲನ್ನು ತಿದ್ದಬೇಕು. ಮೂಲದ ಬದಲು ತಂತ್ರಾಂಶವು ನಿಮ್ಮ ನಕಲನ್ನೇ ಓದುತ್ತದೆ. ಲೆಕ್ಕ, ದರ, ಎಸ್ಸೆಮ್ಮೆಸ್‌ನಂತಹ ನಡವಳಿಕೆಗೆ ಸಂಬಂಧಿಸಿದ್ದಾದರೆ ನಿಮ್ಮದೇ ಹೆಸರಿನ ಪುಟ್ಟ ಪ್ಲಗಿನ್ ಮಾಡಿ, ವೂಕಾಮರ್ಸ್ ಅಲ್ಲಲ್ಲಿ ಬಿಟ್ಟಿರುವ ಹುಕ್ ಎಂಬ ಕೊಂಡಿಗಳಿಗೆ ನಿಮ್ಮ ಕೋಡನ್ನು ಸಿಕ್ಕಿಸಬೇಕು. ‘ದರ ಲೆಕ್ಕ ಹಾಕುವ ಮೊದಲು ಇಲ್ಲಿ ಕೇಳಿಕೊಂಡು ಹೋಗು’ ಎಂದು ಹೇಳಿಟ್ಟಂತೆ ಅದು ಕೆಲಸ ಮಾಡುತ್ತದೆ. ಇವೆರಡನ್ನೂ ಅಪ್‌ಡೇಟ್ ಮುಟ್ಟುವುದಿಲ್ಲ. ಹಾಗೆಂದು ಇವೂ ಶಾಶ್ವತವಲ್ಲ. ಮೂಲ ನಮೂನೆ ಬದಲಾದಾಗ ನಿಮ್ಮ ನಕಲು ಹಳೆಯದಾಗುತ್ತದೆ. ಯಾವ ನಕಲು ಹಿಂದೆ ಬಿದ್ದಿದೆ ಎಂಬುದನ್ನು ವೂಕಾಮರ್ಸ್‌ನ ‘ಸ್ಟೇಟಸ್’ ಪುಟದ ಕೆಳಭಾಗ ತೋರಿಸುತ್ತದೆ. ವರ್ಷಕ್ಕೆರಡು ಸಲವಾದರೂ ಆ ಪುಟವನ್ನು ತೆರೆದು ನೋಡಿ.

ಈಗ ನಿಮ್ಮ ಅಂಗಡಿಯಲ್ಲಿರುವ ಮಾರ್ಪಾಡುಗಳು ಮೂಲ ಫೈಲುಗಳೊಳಗೇ ಇವೆ, ಎಲ್ಲೆಲ್ಲಿ ಇವೆ ಎಂದು ಹೇಳುವವರು ಹತ್ತಿರವಿಲ್ಲ. ಇದು ಅಂದುಕೊಂಡಷ್ಟು ಕಷ್ಟದ ಕೆಲಸವಲ್ಲ. ಮೊದಲು ಫೈಲುಗಳು ಮತ್ತು ಆರ್ಡರುಗಳ ದಾಖಲೆ ಉಳಿಯುವ ಡೇಟಾಬೇಸ್ ಎರಡರದೂ ಬ್ಯಾಕಪ್ ತೆಗೆದು, ಒಂದು ಪ್ರತಿಯನ್ನು ಅಂಗಡಿಯನ್ನು ಇರಿಸಿರುವ ಹೋಸ್ಟಿಂಗ್ ಸರ್ವರಿನಿಂದ ಹೊರಗೆ ತಂದು ಮನೆಯ ಪೆನ್‌ಡ್ರೈವ್‌ನಲ್ಲಿಡಿ. ಬಳಿಕ ನೀವು ಬಳಸುತ್ತಿರುವ ಅದೇ ಸಂಖ್ಯೆಯ ವೂಕಾಮರ್ಸ್ ಆವೃತ್ತಿಯನ್ನು ವರ್ಡ್‌ಪ್ರೆಸ್‌ನ ಪ್ಲಗಿನ್ ಭಂಡಾರದಿಂದ ಇಳಿಸಿಕೊಳ್ಳಿ. ಹಳೆಯ ಆವೃತ್ತಿಗಳೂ ಅಲ್ಲಿ ಸಿಗುತ್ತವೆ. ಎರಡೂ ಫೋಲ್ಡರುಗಳನ್ನು ಸಾಲಿಗೆ ಸಾಲು ಹೋಲಿಸುವ ಉಚಿತ ತಂತ್ರಾಂಶಗಳಿವೆ. ಹೋಲಿಸಿದಾಗ ವ್ಯತ್ಯಾಸ ಇರುವ ಸಾಲುಗಳಷ್ಟೇ ಬಣ್ಣದಲ್ಲಿ ಎದ್ದು ಕಾಣುತ್ತವೆ, ಅವೇ ನಿಮ್ಮ ಹುಡುಗ ಬರೆದವು. ಸಾವಿರಾರು ಫೈಲುಗಳಲ್ಲಿ ಸಾಮಾನ್ಯವಾಗಿ ನಾಲ್ಕೈದು ಮಾತ್ರ ಬದಲಾಗಿರುತ್ತವೆ. ಆ ಸಾಲುಗಳನ್ನು ಒಂದು ಹಾಳೆಗೆ ಇಳಿಸಿ, ಪ್ರತಿಯೊಂದರ ಪಕ್ಕ ಅದು ಯಾವ ಕೆಲಸಕ್ಕೆ ಎಂದು ಕನ್ನಡದಲ್ಲೇ ಬರೆದಿಡಿ. ಮುಂದೆ ಯಾರಿಗೆ ಕೆಲಸ ಒಪ್ಪಿಸಿದರೂ ಆ ಹಾಳೆ ಇಲ್ಲದೆ ಒಪ್ಪಿಸಬೇಡಿ.

ಅಲ್ಲಿಯವರೆಗೆ ಅಪ್‌ಡೇಟ್ ಮಾಡದೆ ಇರಬಹುದೇ ಎಂದರೆ, ಕೆಲವು ವಾರ ಇರಬಹುದು, ವರ್ಷಗಟ್ಟಲೆ ಇರಲಾಗದು. ಭದ್ರತೆಯ ಲೋಪವೊಂದು ಸರಿಯಾದಾಗ ಅದು ಎಲ್ಲಿತ್ತು ಎಂಬುದು ಜಗತ್ತಿಗೆ ತಿಳಿಯುತ್ತದೆ. ಹಳೆಯ ಆವೃತ್ತಿಯ ಅಂಗಡಿಗಳನ್ನು ಹುಡುಕಿಕೊಂಡು ತಿರುಗುವ ಯಂತ್ರಗಳಿಗೆ ನಿಮ್ಮ ಅಂಗಡಿ ದೊಡ್ಡದೋ ಸಣ್ಣದೋ ಎಂಬುದು ಲೆಕ್ಕಕ್ಕಿಲ್ಲ. ‘ನಮ್ಮಂಥ ಸಣ್ಣವರನ್ನು ಯಾರು ಹ್ಯಾಕ್ ಮಾಡುತ್ತಾರೆ’ ಎಂಬ ಮಾತನ್ನು ನಾನು ತೀರಾ ಹೆಚ್ಚು ಸಲ ಕೇಳಿದ್ದೇನೆ, ಹೇಳಿದವರ ಅಂಗಡಿಯನ್ನು ತೊಳೆದು ಕೊಡುವ ಕೆಲಸವನ್ನೂ ಮಾಡಿದ್ದೇನೆ. ಅದರ ಜೊತೆಗೆ, ಈ ತಂತ್ರಾಂಶ ನಿಂತಿರುವ ಪಿಎಚ್‌ಪಿ ಭಾಷೆಯ 7.4 ಆವೃತ್ತಿಗೆ 2022ರ ನವೆಂಬರಿನಲ್ಲೇ ಬೆಂಬಲ ನಿಂತಿದೆ. ಹೋಸ್ಟಿಂಗ್ ಕಂಪನಿ ಒಂದು ದಿನ ಹಳೆಯ ಪಿಎಚ್‌ಪಿಯನ್ನು ತೆಗೆದುಹಾಕಿದರೆ, ನೀವು ಏನನ್ನೂ ಮುಟ್ಟದೆಯೇ ಅಂಗಡಿ ಬಿಳಿ ಪರದೆಯಾಗಿ ನಿಲ್ಲಬಹುದು.

ಮಾರ್ಪಾಡುಗಳನ್ನು ಹೊಸ ಜಾಗಕ್ಕೆ ಸಾಗಿಸುವವರಿಗೆ ಎರಡು ವಿಷಯ ತಿಳಿದಿರಬೇಕು. 2023ರ ಅಕ್ಟೋಬರಿನ 8.2 ಆವೃತ್ತಿಯಿಂದ ಹೊಸ ಅಂಗಡಿಗಳಲ್ಲಿ ಆರ್ಡರುಗಳು ಪ್ರತ್ಯೇಕ ಕೋಷ್ಟಕಗಳಲ್ಲಿ ಉಳಿಯುತ್ತವೆ, ಹಾಗಾಗಿ ಹಳೆಯ ಕೋಷ್ಟಕಕ್ಕೆ ನೇರವಾಗಿ ಕೈಹಾಕುವ ಕೋಡ್ ಅಲ್ಲಿ ನಡೆಯುವುದಿಲ್ಲ. ಅದರ ಮುಂದಿನ ಆವೃತ್ತಿಯಿಂದ ಹೊಸ ಅಂಗಡಿಗಳ, ವಿಳಾಸ ಬರೆದು ಹಣ ಕಟ್ಟುವ ಚೆಕ್‌ಔಟ್ ಪುಟವೂ ಬ್ಲಾಕ್ ಎಂಬ ಹೊಸ ರಚನೆಗೆ ಬಂದಿದೆ. ಅಂತರ್ಜಾಲದಲ್ಲಿ ಸಿಗುವ ಹಳೆಯ ಚೆಕ್‌ಔಟ್ ಕೋಡಿನ ತುಣುಕುಗಳಲ್ಲಿ ಬಹುಪಾಲು ಈ ರಚನೆಯಲ್ಲಿ ಸದ್ದಿಲ್ಲದೆ ಸುಮ್ಮನಿರುತ್ತವೆ. 2022ರ ನಿಮ್ಮ ಅಂಗಡಿ ಹಳೆಯ ಚೆಕ್‌ಔಟ್‌ನಲ್ಲಿದೆ. ಸದ್ಯಕ್ಕೆ ಅದು ಅಲ್ಲೇ ಇರಲಿ, ಎರಡು ಬದಲಾವಣೆಗಳನ್ನು ಒಂದೇ ದಿನ ಮಾಡಬೇಡಿ.

ಇನ್ನು ಮೈಸೂರಿನ ಗ್ರಾಹಕರ ವಿಷಯ. ನೀವು ಕಳುಹಿಸಿದ ಆರ್ಡರ್ ಪುಟದ ಬಲಬದಿಯ ಟಿಪ್ಪಣಿಗಳಲ್ಲೇ ಸುಳಿವು ಇದೆ. ರಾತ್ರಿ 7:42ಕ್ಕೆ ಆರ್ಡರ್ ‘ಪಾವತಿ ಬಾಕಿ’ ಎಂದು ದಾಖಲಾಗಿದೆ. 7:43ಕ್ಕೆ ಅವರ ಯುಪಿಐ ಆ್ಯಪಿನಲ್ಲಿ ಹಣ ಹೋಗಿದೆ. ನಂತರ ಒಂದು ಗಂಟೆ ಟಿಪ್ಪಣಿಯೇ ಇಲ್ಲ. 8:44ಕ್ಕೆ ‘ಪಾವತಿಯಾಗದ ಆರ್ಡರ್, ಕಾಲಮಿತಿ ಮುಗಿದು ರದ್ದಾಗಿದೆ’ ಎಂಬ ಅರ್ಥದ ಸಾಲು ಬಂದಿದೆ. ವೂಕಾಮರ್ಸ್ ತಾನಾಗಿ 60 ನಿಮಿಷ ಮಾತ್ರ ಸರಕನ್ನು ಕಾಯ್ದಿರಿಸುತ್ತದೆ. ಅಷ್ಟರಲ್ಲಿ ಹಣ ಬಂದ ಸುದ್ದಿ ತಲುಪದಿದ್ದರೆ ಆರ್ಡರನ್ನು ರದ್ದು ಮಾಡುತ್ತದೆ. ಹಣ ಬಂದಿತ್ತು, ಸುದ್ದಿ ಬಂದಿರಲಿಲ್ಲ.

ಸುದ್ದಿ ಏಕೆ ಬರಲಿಲ್ಲವೆಂದರೆ, ಯುಪಿಐನಲ್ಲಿ ಪಾವತಿಸುವವರು ಬ್ರೌಸರ್ ಬಿಟ್ಟು ಬೇರೆ ಆ್ಯಪಿಗೆ ಹೋಗುತ್ತಾರೆ. ಹಣ ಕಳುಹಿಸಿದ ಮೇಲೆ ಕೆಲವರು ಬ್ರೌಸರಿಗೆ ಮರಳುವುದೇ ಇಲ್ಲ, ಮರಳುವಷ್ಟರಲ್ಲಿ ಕೆಲವರ ನೆಟ್‌ವರ್ಕ್ ಹೋಗಿರುತ್ತದೆ. ನಿಮ್ಮ ಅಂಗಡಿಯ ಕೋಡ್ ‘ಧನ್ಯವಾದ’ ಪುಟ ತೆರೆದಾಗ ಮಾತ್ರ ಆರ್ಡರನ್ನು ಪಾವತಿಯಾಯಿತೆಂದು ಗುರುತಿಸಿ ಎಸ್ಸೆಮ್ಮೆಸ್ ಕಳುಹಿಸುತ್ತಿರುವಂತೆ ತೋರುತ್ತದೆ. ನನ್ನ ಈ ಅನುಮಾನವನ್ನು ಗಟ್ಟಿಮಾಡುವುದು ನಿಮ್ಮ ಇನ್ನೊಂದು ದೂರು. ಗ್ರಾಹಕರು ಆ ಪುಟಕ್ಕೆ ಮರಳದಿದ್ದರೆ ಕೋಡ್ ಓಡುವುದೇ ಇಲ್ಲ, ಪುಟವನ್ನು ರಿಫ್ರೆಶ್ ಮಾಡಿದರೆ ಎರಡು ಸಲ ಓಡುತ್ತದೆ, ಎಸ್ಸೆಮ್ಮೆಸ್ ಎರಡು ಸಲ ಹೋಗುತ್ತದೆ. ಎರಡು ದೂರುಗಳಿಗೂ ಮೂಲ ಒಂದೇ.

ಪರಿಹಾರಕ್ಕೆ ವೆಬ್‌ಹುಕ್ ಎಂದು ಹೆಸರು. ಆನ್‌ಲೈನ್ ಪಾವತಿ ನಡೆಸಿಕೊಡುವ ಪೇಮೆಂಟ್ ಗೇಟ್‌ವೇಯ ಸರ್ವರ್ ಗ್ರಾಹಕರ ಬ್ರೌಸರನ್ನು ನೆಚ್ಚಿಕೊಳ್ಳದೆ, ನೇರವಾಗಿ ನಿಮ್ಮ ಸರ್ವರಿಗೇ ಹಣ ಬಂದದ್ದನ್ನು ತಿಳಿಸುತ್ತದೆ. ಗೇಟ್‌ವೇಯ ಖಾತೆಯಲ್ಲಿ ನಿಮ್ಮ ಅಂಗಡಿಯ ವಿಳಾಸವನ್ನು ನಮೂದಿಸಿ, ಗುಪ್ತ ಕೀಲಿಯನ್ನು ಪ್ಲಗಿನ್ನಿನಲ್ಲೂ ಹಾಕಬೇಕು, ಭದ್ರತೆಯ ಪ್ಲಗಿನ್ ಆ ಸಂದೇಶವನ್ನು ತಡೆಯುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಎಸ್ಸೆಮ್ಮೆಸ್ ಕಳುಹಿಸುವ ಕೋಡನ್ನು ‘ಧನ್ಯವಾದ’ ಪುಟದಿಂದ ಕಿತ್ತು, ಆರ್ಡರಿನ ಸ್ಥಿತಿ ಬದಲಾಗುವ ಕೊಂಡಿಗೆ ಸಿಕ್ಕಿಸಬೇಕು, ಕಳುಹಿಸಿಯಾಗಿದೆ ಎಂಬ ಗುರುತನ್ನೂ ಆರ್ಡರಿನಲ್ಲಿ ಇಡಬೇಕು. ಕೆಲಸ ಮುಗಿದ ಮೇಲೆ ನೀವೇ ಪರೀಕ್ಷಿಸಿ: ಒಂದು ರೂಪಾಯಿಯ ಸರಕು ಸೃಷ್ಟಿಸಿ, ಯುಪಿಐನಲ್ಲಿ ಪಾವತಿಸಿ, ಬ್ರೌಸರಿಗೆ ಮರಳದೆ ಬೇಕೆಂದೇ ಮುಚ್ಚಿಬಿಡಿ. ಸ್ವಲ್ಪ ಹೊತ್ತಿನಲ್ಲಿ ಆರ್ಡರ್ ತಾನಾಗಿ ಮುಂದಿನ ಸ್ಥಿತಿಗೆ ಬಂದರೆ ಸರಿಯಾಗಿದೆ ಎಂದರ್ಥ. ಕಾಲಮಿತಿಯನ್ನು 60ರಿಂದ 180 ನಿಮಿಷಕ್ಕೆ ಏರಿಸುವುದೂ ಒಳ್ಳೆಯದು. ಸಂದೇಹವಿರುವ ಆರ್ಡರ್ ಬಂದಾಗ ಹಣ ಬಂದಿದೆಯೇ ಎಂಬುದನ್ನು ಗೇಟ್‌ವೇಯ ಖಾತೆಯಲ್ಲೇ ನೋಡಿ. ಗ್ರಾಹಕರು ಕಳುಹಿಸಿದ ಪರದೆಯ ಚಿತ್ರವನ್ನಷ್ಟೇ ನಂಬಿ ಸರಕು ಕಳುಹಿಸಬೇಡಿ.

ಕಡಿಮೆ ಭೇಟಿಯಿರುವ ಅಂಗಡಿಗಳಿಗೆ ಮಾತ್ರ ಕಾಡುವ ತೊಂದರೆಯೊಂದನ್ನೂ ಇಲ್ಲೇ ಹೇಳುತ್ತೇನೆ. ವರ್ಡ್‌ಪ್ರೆಸ್‌ನ ವೇಳಾಪಟ್ಟಿಯ ಕೆಲಸಗಳು ಯಾರಾದರೂ ಪುಟ ತೆರೆದಾಗಲಷ್ಟೇ ಎಚ್ಚರವಾಗುತ್ತವೆ. ಮಧ್ಯರಾತ್ರಿಯಿಂದ ಬೆಳಗಿನವರೆಗೆ ಯಾರೂ ಬರದಿದ್ದರೆ, ರಾತ್ರಿ ಆಗಬೇಕಾದದ್ದು ಬೆಳಗ್ಗೆ ಆಗುತ್ತದೆ. ಹೋಸ್ಟಿಂಗ್ ಖಾತೆಯಲ್ಲಿ ಕ್ರಾನ್ ಎಂಬ ಗಡಿಯಾರದ ಕೆಲಸವನ್ನು ಹದಿನೈದು ನಿಮಿಷಕ್ಕೊಮ್ಮೆ ಇಟ್ಟರೆ ಇದು ನಿಲ್ಲುತ್ತದೆ.

ದಾಸ್ತಾನಿನ ಲೆಕ್ಕದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಕಾಫಿಪುಡಿ ಮಾರುವ ಎಲ್ಲರೂ ಎಡವುವುದು ಇಲ್ಲಿಯೇ. ನಿಮ್ಮಲ್ಲಿ ಕಾಲು ಕಿಲೋ, ಅರ್ಧ ಕಿಲೋ, ಒಂದು ಕಿಲೋ ಎಂಬ ಮೂರು ಪೊಟ್ಟಣಗಳಿವೆ. ಚಿಕೋರಿ ಇಲ್ಲದ್ದು, 80:20, 70:30 ಎಂಬ ಮೂರು ಮಿಶ್ರಣಗಳಿವೆ. ಪುಡಿಯ ಹದ ನಾಲ್ಕು ಬಗೆ. ಗುಣಿಸಿದರೆ 36 ಆಯ್ಕೆಗಳು, ಅರೇಬಿಕಾ ಮತ್ತು ರೊಬಸ್ಟಾ ಎರಡಕ್ಕೂ ಸೇರಿ 72. ಪ್ರತಿಯೊಂದಕ್ಕೂ ಬೇರೆ ದಾಸ್ತಾನು ಸಂಖ್ಯೆ ಬರೆದಿಟ್ಟಿದ್ದೀರಿ. ವಾಸ್ತವದಲ್ಲಿ ಇರುವುದು ಹುರಿದ ಬೀಜದ ಎರಡು ಡಬ್ಬಿಗಳು ಮಾತ್ರ. ಒಂದು ಆಯ್ಕೆಯಲ್ಲಿ ಮಾರಾಟವಾದದ್ದು ಉಳಿದ 35ಕ್ಕೆ ತಿಳಿಯದಿದ್ದಾಗ, ಪರದೆಯಲ್ಲಿ ಇರುವ ಪುಡಿ ಡಬ್ಬಿಯಲ್ಲಿ ಇಲ್ಲದಿರುವುದು ಸಹಜ.

ಮೊದಲು ಪುಡಿಯ ಹದವನ್ನು ಈ ಗುಣಾಕಾರದಿಂದ ಹೊರಗೆ ತೆಗೆಯಿರಿ. ನುಣ್ಣಗೋ ತರಿತರಿಯೋ ಎಂಬುದು ಬೆಲೆಯನ್ನಾಗಲಿ ದಾಸ್ತಾನನ್ನಾಗಲಿ ಬದಲಿಸುವುದಿಲ್ಲ, ಆದ್ದರಿಂದ ಅದು ಆರ್ಡರಿನ ಜೊತೆ ಬರುವ ಒಂದು ಸಾಮಾನ್ಯ ಆಯ್ಕೆಯಾದರೆ ಸಾಕು. 36 ಇದ್ದದ್ದು ಒಂಬತ್ತಕ್ಕೆ ಇಳಿಯುತ್ತದೆ. ಬಳಿಕ ದಾಸ್ತಾನನ್ನು ಆಯ್ಕೆಗಳ ಮಟ್ಟದಲ್ಲಿ ಇಡದೆ ಮೂಲ ಉತ್ಪನ್ನದ ಮಟ್ಟದಲ್ಲಿ ಇಡಿ, ಕಾಲು ಕಿಲೋವನ್ನು ಒಂದು ಘಟಕವೆಂದು ಎಣಿಸಿ. ಹುರಿದ ಬೀಜ ಹತ್ತು ಕಿಲೋ ಇದ್ದರೆ 40 ಘಟಕ. ಆದರೆ ತಂತ್ರಾಂಶಕ್ಕೆ ಒಂದು ಕಿಲೋದ ಪೊಟ್ಟಣವೂ ಒಂದೇ ಘಟಕವಾಗಿ ಕಾಣುವುದರಿಂದ, ದಾಸ್ತಾನು ಕಡಿತವಾಗುವ ಕೊಂಡಿಗೆ ಕೆಲವೇ ಸಾಲುಗಳ ಕೋಡ್ ಸಿಕ್ಕಿಸಿ ಅರ್ಧ ಕಿಲೋಗೆ ಎರಡು, ಒಂದು ಕಿಲೋಗೆ ನಾಲ್ಕು ಎಂದು ಕಳೆಯುವಂತೆ ಮಾಡಬೇಕು. 80:20ರ ಒಂದು ಕಿಲೋದಲ್ಲಿ ಕಾಫಿ 800 ಗ್ರಾಂ ಮಾತ್ರ ಎಂಬುದನ್ನು ಲೆಕ್ಕಕ್ಕೆ ತರಲು ಹೋಗಬೇಡಿ. ಪೂರ್ತಿ ಕಾಫಿಯೆಂದೇ ಕಳೆದರೆ ಡಬ್ಬಿಯಲ್ಲಿ ಸ್ವಲ್ಪ ಹೆಚ್ಚು ಉಳಿಯುತ್ತದೆ, ಕೊರತೆಯಂತೂ ಬೀಳುವುದಿಲ್ಲ.

ಇದರ ಅಪಾಯವನ್ನೂ ತಿಳಿದಿರಿ. ಆರು ಘಟಕ ಉಳಿದಿರುವಾಗ ಒಬ್ಬರು ಅರ್ಧ ಕಿಲೋದ ನಾಲ್ಕು ಪೊಟ್ಟಣ ಕಾರ್ಟಿಗೆ ಹಾಕಿದರೆ, ಕಾರ್ಟ್ ‘ನಾಲ್ಕು, ಆರಕ್ಕಿಂತ ಕಡಿಮೆ’ ಎಂದು ಬಿಟ್ಟುಬಿಡುತ್ತದೆ, ಕಡಿತವಾಗುವಾಗ ಎಂಟು ಹೋಗುತ್ತದೆ. ಆದ್ದರಿಂದ ಕಾರ್ಟಿನ ತಪಾಸಣೆಗೂ ಅದೇ ಗುಣಾಕಾರ ಬರೆಸಲೇಬೇಕು. ಆರ್ಡರಿನ ಒಂದು ಭಾಗದ ಹಣ ಮಾತ್ರ ಮರಳಿಸುವಾಗ ದಾಸ್ತಾನನ್ನು ಕೈಯಾರೆ ನೋಡಿ ಸರಿಪಡಿಸಿ. ಗ್ರಾಹಕರೇ ಚಿಕೋರಿಯ ಶೇಕಡಾವಾರು ಬರೆಯುವ ಖಾಲಿ ಜಾಗವೊಂದು ನಿಮ್ಮ ಪುಟದಲ್ಲಿ ಕಂಡಿತು, ಅದನ್ನು ತೆಗೆಯಿರಿ. ಮಿಶ್ರಣದಲ್ಲಿ ಕಾಫಿ 51%ಕ್ಕಿಂತ ಕಡಿಮೆ ಇರಬಾರದು, ಪೊಟ್ಟಣದ ಮೇಲೆ ಎರಡರ ಪ್ರಮಾಣವನ್ನೂ ಮುದ್ರಿಸಬೇಕು ಎಂಬುದು ಆಹಾರ ಸುರಕ್ಷತೆಯ ನಿಯಮ. ಬಂದ ಬಂದ ಅನುಪಾತಕ್ಕೆಲ್ಲ ಲೇಬಲ್ ಮಾಡಿಸಲು ನಿಮ್ಮಿಂದಾಗದು.

ನಿಮ್ಮ ಚಿತ್ರಗಳಲ್ಲಿ ಕೊರಿಯರ್ ದರದಲ್ಲಿ ನಷ್ಟವಾಗುತ್ತಿರುವುದೂ ಕಂಡಿತು, ಅದಕ್ಕೆ ಕೋಡ್ ಕಾರಣವಲ್ಲ. ನೀವು ಉತ್ಪನ್ನದ ತೂಕವಾಗಿ 250 ಗ್ರಾಂ ಎಂದೇ ಬರೆದಿದ್ದೀರಿ. ಎರಡು ಪೊಟ್ಟಣ ಸೇರಿ ಸರಿಯಾಗಿ ಅರ್ಧ ಕಿಲೋ ಎಂದು ತಂತ್ರಾಂಶ ಲೆಕ್ಕ ಹಾಕುತ್ತದೆ. ಚೀಲ, ರಟ್ಟಿನ ಪೆಟ್ಟಿಗೆ, ಟೇಪು ಸೇರಿದ ಮೇಲೆ ಕೊರಿಯರ್ ಅಂಗಡಿಯ ತಕ್ಕಡಿಯಲ್ಲಿ ಅದು ಅರ್ಧ ಕಿಲೋ ದಾಟಿ ಮುಂದಿನ ಹಂತದ ದರಕ್ಕೆ ಬೀಳುತ್ತದೆ. ಪ್ರತಿ ಉತ್ಪನ್ನಕ್ಕೂ ಪ್ಯಾಕ್ ಮಾಡಿದ ಮೇಲಿನ ತೂಕವನ್ನೇ ಬರೆಯಿರಿ. ಪೆಟ್ಟಿಗೆಯ ಗಾತ್ರವೂ ಮುಖ್ಯ: ಬಹಳಷ್ಟು ಕೊರಿಯರಿನವರು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 30, 20, 15ರ ಪೆಟ್ಟಿಗೆ ಒಳಗೆ ಒಂದೇ ಕಿಲೋ ಇದ್ದರೂ 1.8 ಕಿಲೋ ಎನಿಸಿಕೊಳ್ಳುತ್ತದೆ. ಕಾಚಂಪುಳಿಯ ಗಾಜಿನ ಬಾಟಲಿಗೆ ಪ್ರತ್ಯೇಕ ಶಿಪ್ಪಿಂಗ್ ವರ್ಗ ಮಾಡಿ, ಹೆಚ್ಚಿನ ಪ್ಯಾಕಿಂಗ್ ವೆಚ್ಚವನ್ನು ಅದಕ್ಕೆ ಮಾತ್ರ ಸೇರಿಸಿ.

ನಿಮ್ಮ ‘ಕೊಡಗಿನೊಳಗೆ’ ದರದ ವಲಯದಲ್ಲಿ ಪಿನ್‌ಕೋಡ್ 571* ಎಂದಿದೆ, ಅಂದರೆ 571ರಿಂದ ಶುರುವಾಗುವ ಎಲ್ಲವೂ. ಹುಣಸೂರು, ನಂಜನಗೂಡು, ಮಂಡ್ಯವೂ 571ರಿಂದಲೇ ಶುರುವಾಗುತ್ತವೆ, ಅವರೆಲ್ಲರಿಗೂ ನೀವು ಊರಿನ ದರದಲ್ಲಿ ಕಳುಹಿಸುತ್ತಿದ್ದೀರಿ. ಮಡಿಕೇರಿ 571201, ವಿರಾಜಪೇಟೆ 571218, ಕುಶಾಲನಗರ 571234 ಹೀಗೆ ಜಿಲ್ಲೆಯ ಬಹುಪಾಲು 5712ರಿಂದ ಆರಂಭವಾಗುವುದರಿಂದ 5712* ಎಂದು ತಿದ್ದಿ, ಸಂಪಾಜೆಯಂತಹ ಗಡಿಯ ಊರುಗಳನ್ನು ನೋಡಿಕೊಂಡು ಬೇರೆಯಾಗಿ ಸೇರಿಸಿ. ವಲಯಗಳನ್ನು ಮೇಲಿನಿಂದ ಕೆಳಗೆ ಓದಿ, ಮೊದಲು ಹೊಂದಿದ್ದಕ್ಕೆ ನಿಲ್ಲುವುದು ವೂಕಾಮರ್ಸ್‌ನ ಕ್ರಮ. ಆದ್ದರಿಂದ ಕೊಡಗು ಮೇಲಿರಬೇಕು, ಕರ್ನಾಟಕ ಅದರ ಕೆಳಗೆ.

ತೆರಿಗೆಯ ಬಗ್ಗೆ ಒಂದೇ ಮಾತು. ಹುರಿದ ಕಾಫಿಗೂ ಕರಿಮೆಣಸಿಗೂ ಜಿಎಸ್‌ಟಿ 5%. ರಾಜ್ಯದೊಳಗೆ ಕೇಂದ್ರಕ್ಕೆ 2.5, ರಾಜ್ಯಕ್ಕೆ 2.5. ಈ ಎರಡು ಸಾಲುಗಳಿಗೂ ಒಂದೇ ಆದ್ಯತಾ ಸಂಖ್ಯೆ ಕೊಟ್ಟರೆ ತಂತ್ರಾಂಶ ಒಂದನ್ನು ಮಾತ್ರ ಹಿಡಿಯುತ್ತದೆ, ನಿಮ್ಮ ಬಿಲ್ಲಿನಲ್ಲಿ ಅರ್ಧ ತೆರಿಗೆ ಬಂದಿರುವುದು ಅದರಿಂದ. ಒಂದಕ್ಕೆ 1, ಇನ್ನೊಂದಕ್ಕೆ 2 ಎಂದು ಕೊಡಿ. ಹೊರರಾಜ್ಯಕ್ಕೆ ತೆರಿಗೆಯುಳ್ಳ ಸರಕು ಕಳುಹಿಸಲು ವಹಿವಾಟು ಎಷ್ಟೇ ಸಣ್ಣದಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ‘ಉಡುಗೊರೆ ಪ್ಯಾಕಿಂಗ್’ ಆಯ್ಕೆಗೆ ಮೊದಲೇ ಟಿಕ್ ಹಾಕಿಟ್ಟಿದ್ದೀರಿ, 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳು ಅದನ್ನು ಒಪ್ಪುವುದಿಲ್ಲ, ತೆಗೆದುಬಿಡಿ.

ನಿಮ್ಮ ಅಣ್ಣನ ಮಗ ಹೇಳಿದ ಉಚಿತ ಪ್ಲಗಿನ್‌ಗಳನ್ನು ದಯವಿಟ್ಟು ಹಾಕಬೇಡಿ. ಮುಕ್ತ ಪರವಾನಗಿ ಇರುವುದರಿಂದ ಫೈಲ್ ಒಂದೇ ತಾನೇ ಎಂಬ ವಾದ ಕೇಳಲು ಸರಿ ಎನಿಸುತ್ತದೆ. ಆದರೆ ಬೀಗ ಮುರಿದು ಹಂಚುವವರು ಒಳಗೆ ತಮ್ಮದೊಂದು ಹಿಂಬಾಗಿಲು ಇಟ್ಟಿರುವುದನ್ನು ನಾನು ಕೈಯಾರೆ ತೆಗೆದಿದ್ದೇನೆ. ಚೆಕ್‌ಔಟ್ ಪುಟದಲ್ಲಿ ಗ್ರಾಹಕರು ಬರೆಯುವ ಪ್ರತಿ ಅಕ್ಷರವನ್ನೂ ಬೇರೆಡೆಗೆ ಕಳುಹಿಸುವ ಎರಡು ಸಾಲಿನ ಕೋಡ್ ಅದು, ನೋಡಲು ಏನೂ ತಿಳಿಯುವುದಿಲ್ಲ. ಅದಕ್ಕೆ ಅಪ್‌ಡೇಟ್ ಕೂಡ ಬರುವುದಿಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಹೊಸದಾಗಿ ಬರೆಸುವುದನ್ನು ನಾನು ಖಂಡಿತ ಸಲಹೆ ಮಾಡುವುದಿಲ್ಲ. ಒಬ್ಬ ಹುಡುಗನ ಮೇಲಿನ ಅವಲಂಬನೆಯನ್ನೇ ತಾಳಲಾಗದೆ ಬರೆದಿದ್ದೀರಿ, ಅಲ್ಲಿ ಇಡೀ ಅಂಗಡಿಯೇ ಒಬ್ಬರ ಕೈಯಲ್ಲಿರುತ್ತದೆ. ಶಾಪಿಫೈಯಂತಹ ಬಾಡಿಗೆ ವೇದಿಕೆಯಲ್ಲಿ ಅಪ್‌ಡೇಟ್ ಮತ್ತು ಭದ್ರತೆಯ ಚಿಂತೆ ನಿಮಗಿರುವುದಿಲ್ಲ. ಆದರೆ ವ್ಯಾಪಾರ ಕುಸಿಯುವ ಮಳೆಗಾಲದ ತಿಂಗಳುಗಳಲ್ಲೂ ಬಾಡಿಗೆ ಕಟ್ಟಬೇಕು, ಕಾಲು ಕಿಲೋದ ಘಟಕ ಲೆಕ್ಕದಂತಹ ವಿಶೇಷಕ್ಕೆ ಅಲ್ಲಿಯೂ ಬೇರೆ ಆ್ಯಪಿಗೆ ಹಣ ಕೊಡಬೇಕಾಗಬಹುದು. ಕಂಪ್ಯೂಟರಿನ ಕೆಲಸವೇ ಬೇಡವೆನಿಸಿದವರಿಗೆ ಅದು ಒಪ್ಪುವ ದಾರಿ. ನಿಮ್ಮ ಪ್ರಮಾಣಕ್ಕೆ ಇರುವ ಅಂಗಡಿಯನ್ನೇ ಉಳಿಸಿಕೊಂಡು ಮಾರ್ಪಾಡುಗಳನ್ನು ಸರಿಯಾದ ಜಾಗಕ್ಕೆ ಸಾಗಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಮೇಲೆ ಹೇಳಿದವುಗಳಲ್ಲಿ ತೂಕ, ವಲಯ, ತೆರಿಗೆ, ಕಾಲಮಿತಿ ಇವೆಲ್ಲ ಸೆಟ್ಟಿಂಗ್‌ನಲ್ಲೇ ಆಗುವಂಥವು; ಕೋಡ್ ಬೇಕಾಗುವುದು ಹದದ ಆಯ್ಕೆ, ಘಟಕದ ಲೆಕ್ಕ, ತೂಕದ ಹಂತದ ದರ ಮತ್ತು ಎಸ್ಸೆಮ್ಮೆಸ್‌ಗೆ ಮಾತ್ರ. ಅನುಭವವಿರುವವರಿಗೆ ಅದು ಕೆಲವು ದಿನಗಳ ಕೆಲಸ.

ಆ ಕೆಲಸವನ್ನು ನೇರವಾಗಿ ಅಂಗಡಿಯ ಮೇಲೆ ಮಾಡಲು ಬಿಡಬೇಡಿ. ಅಂಗಡಿಯ ಪ್ರತಿಯೊಂದನ್ನು ಬೇರೆ ವಿಳಾಸದಲ್ಲಿ ಮಾಡಿಸಿ, ಅಲ್ಲಿ ಪೇಮೆಂಟ್ ಗೇಟ್‌ವೇಯನ್ನು ಪರೀಕ್ಷೆಯ ಸ್ಥಿತಿಗೆ ತಿರುಗಿಸಿ, ಎಸ್ಸೆಮ್ಮೆಸ್ ಮತ್ತು ಇಮೇಲ್ ನಿಲ್ಲಿಸಿ. ಇಲ್ಲದಿದ್ದರೆ ಹಳೆಯ ಗ್ರಾಹಕರಿಗೆ ಬೇಡದ ಸಂದೇಶಗಳು ಹೋಗುತ್ತವೆ. ಎಲ್ಲವೂ ಸರಿಯಾದ ಮೇಲೆ ಅಸಲಿ ಅಂಗಡಿಗೆ ಫೈಲುಗಳನ್ನು ಮಾತ್ರ ತನ್ನಿ. ಪ್ರತಿಯ ಡೇಟಾಬೇಸನ್ನು ಅಸಲಿಯ ಮೇಲೆ ಇಳಿಸಿದರೆ ನಡುವಿನ ದಿನಗಳಲ್ಲಿ ಬಂದ ಆರ್ಡರುಗಳೆಲ್ಲ ಅಳಿಸಿಹೋಗುತ್ತವೆ. ಪುತ್ತರಿ ಹಬ್ಬದ ಮತ್ತು ವರ್ಷಾಂತ್ಯದ ಬೇಡಿಕೆ ಮುಗಿದ ಮೇಲೆ, ಮಳೆ ಹಿಡಿದು ಕರೆಂಟ್ ಹೋಗುವ ದಿನಗಳಿಗಿಂತ ಮೊದಲು ಇದನ್ನು ಮುಗಿಸಿಕೊಳ್ಳಿ.

ಬೆಂಗಳೂರಿನಲ್ಲಿರುವ ನಿಮ್ಮ ಹುಡುಗನಿಗೆ ಈ ವಾರವೇ ಒಮ್ಮೆ ಫೋನ್ ಮಾಡಿ, ಕೋಡಿನ ಬಗ್ಗೆ ಕೇಳಬೇಡಿ. ಅಂಗಡಿಯ ಡೊಮೈನ್ ಹೆಸರು ಯಾರ ಇಮೇಲಿನಲ್ಲಿ ನೋಂದಣಿಯಾಗಿದೆ, ಯಾವ ತಾರೀಖಿಗೆ ನವೀಕರಣ, ಹೋಸ್ಟಿಂಗ್ ಖಾತೆ ಯಾರ ಹೆಸರಿನಲ್ಲಿದೆ ಎಂಬ ಮೂರನ್ನು ಕೇಳಿ ಬರೆದುಕೊಳ್ಳಿ. ಅವನ ಇಮೇಲಿನಲ್ಲಿದ್ದರೆ ನಿಮ್ಮ ಇಮೇಲಿಗೆ ವರ್ಗಾಯಿಸಿಕೊಡಲು ಹೇಳಿ. ಉಳಿದದ್ದನ್ನೆಲ್ಲ ಅವನಿಲ್ಲದೆಯೂ ಸರಿಪಡಿಸಬಹುದು, ಇದೊಂದಕ್ಕೆ ಅವನೇ ಬೇಕು.